ಇಂಗ್ಲಿಷಿನ ಓದುಸುಲಭತೆಯ ಸೂತ್ರದಿಂದ ಕನ್ನಡ ಬರಹವನ್ನು ಅಳೆಯಬಹುದೇ?

ಲೆಕ್ಕವನ್ನೇನೋ ಮಾಡಬಹುದು, ಆದರೆ ಬರುವ ಅಂಕಿಗೆ ಅರ್ಥವಿರುವುದಿಲ್ಲ. ರುಡಾಲ್ಫ್ ಫ್ಲೆಶ್ 1948ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರವು, ಒಂದು ವಾಕ್ಯದ ಸರಾಸರಿ ಪದಸಂಖ್ಯೆಯನ್ನು 1.015ರಿಂದಲೂ ಒಂದು ಪದದ ಸರಾಸರಿ ಉಚ್ಚಾರಾಂಶಗಳನ್ನು (‘ಅಕ್ಕಿ’ಯಲ್ಲಿ ಎರಡು, ‘ತಂದಳು’ವಿನಲ್ಲಿ ಮೂರು) 84.6ರಿಂದಲೂ ಗುಣಿಸಿ, ಎರಡನ್ನೂ 206.835ರಿಂದ ಕಳೆಯುತ್ತದೆ. ಉಳಿದದ್ದು 60ರಿಂದ 70ರ ನಡುವೆ ಇದ್ದರೆ ಬರಹ ಸರಳ; 30ಕ್ಕಿಂತ ಕಡಿಮೆಯಿದ್ದರೆ ಬಹಳ ಕಠಿಣ.

ಈಗ ‘ಅಮ್ಮ ಅಂಗಡಿಯಿಂದ ಅಕ್ಕಿ ತಂದಳು’ ಎಂಬ ವಾಕ್ಯವನ್ನು ಅಳೆಯೋಣ. ಪದಗಳು ನಾಲ್ಕು, ಉಚ್ಚಾರಾಂಶಗಳು ಹನ್ನೆರಡು. ಫಲಿತಾಂಶ ಸುಮಾರು ಮೈನಸ್ 51. ಮಗುವಿಗೂ ತಿಳಿಯುವ ಮಾತು ಸೂತ್ರದ ಕಣ್ಣಿಗೆ ಕಾನೂನು ಗ್ರಂಥಕ್ಕಿಂತ ಕಠಿಣ!

ಕಾರಣವಿಷ್ಟೆ: ಇಂಗ್ಲಿಷು ಬಿಡಿ ಪದಗಳಿಂದ ಹೇಳುವ ‘ಇಂದ’, ‘ಅಲ್ಲಿ’, ‘ಅವಳು’ ಮುಂತಾದ ಸಂಬಂಧಗಳನ್ನು ಕನ್ನಡವು ಪ್ರತ್ಯಯಗಳಾಗಿ ಪದಕ್ಕೇ ಅಂಟಿಸುವುದರಿಂದ, ಇಲ್ಲಿ ಪದದ ಉದ್ದವು ಅದು ಅಪರಿಚಿತವೆಂಬುದರ ಗುರುತಲ್ಲ, ಬಹುಮಟ್ಟಿಗೆ ವ್ಯಾಕರಣದ ಗುರುತು.

ಪದವೈವಿಧ್ಯವನ್ನು ಅಳೆಯುವಾಗಲೂ, ಅಂದರೆ ಭಿನ್ನ ಪದಗಳ ಸಂಖ್ಯೆಯನ್ನು ಒಟ್ಟು ಪದಗಳಿಂದ ಭಾಗಿಸುವಾಗಲೂ, ಇದೇ ತೊಡಕು ಎದುರಾಗುತ್ತದೆ: ‘ಮನೆ’, ‘ಮನೆಗೆ’, ‘ಮನೆಯಲ್ಲಿ’ ಮೂರು ಬೇರೆ ಪದಗಳಾಗಿ ಎಣಿಕೆಗೊಂಡು, ಬಡ ಶಬ್ದಸಂಪತ್ತೂ ಶ್ರೀಮಂತವಾಗಿ ಕಾಣುತ್ತದೆ. ಆದ್ದರಿಂದ ಪ್ರತ್ಯಯಗಳನ್ನು ಕಳಚಿ ಮೂಲಪದಗಳನ್ನಷ್ಟೇ ಎಣಿಸಬೇಕು. ಬರಹ ಬೆಳೆದಂತೆ ಪದಗಳು ಮರುಕಳಿಸುವುದು ಸಹಜವಾದ ಕಾರಣ, ಹೋಲಿಸುವ ಬರಹಗಳೆರಡೂ ಸಮಾನ ಉದ್ದದವಾಗಿರಬೇಕು.