ಇಲಿಯ ಉಸಿರಲ್ಲಿ ಸದ್ದು

ಪ್ರಶ್ನೆ: ನಮ್ಮ ಸಾಕು ಇಲಿಗೆ ಎರಡು ವರ್ಷ. ಮೂಗಿನ ಸುತ್ತ ಕೆಂಪು ಕಲೆ, ಉಸಿರಾಡಿದರೆ ಟಿಕ್ ಟಿಕ್ ಸದ್ದು. ಮಳೆಗೆ ಶೀತವಾ, ಹೃದಯದ ತೊಂದರೆಯಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಆ ಕೆಂಪು ಸಾಮಾನ್ಯವಾಗಿ ರಕ್ತ ಅಲ್ಲಮ್ಮ, ಗಾಬರಿಯಾಗಬೇಡಿ. ಅದು ಪೋರ್ಫೈರಿನ್ ಎಂಬ ಕೆಂಪು ಬಣ್ಣದ ವಸ್ತು. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುತ್ತದೆ, ಹುಷಾರಿಲ್ಲದಾಗ ಜಾಸ್ತಿ. ಸದ್ದನ್ನು ಮಾತ್ರ ಸುಮ್ನೆ ಬಿಡಬೇಡಿ. ಇಲಿಯ ಬೆನ್ನಿಗೆ ಕಿವಿ ಇಟ್ಟು ಕೇಳಿ. ಗೊರಗೊರ ಅಂದರೆ ಹೆಚ್ಚಾಗಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು. ಔಷಧಿಗೆ ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದು ಕಷ್ಟ. ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ. ಮನುಷ್ಯರ ಮಾತ್ರೆ ಅಂದಾಜಲ್ಲಿ ಮುರಿದು ಹಾಕಬೇಡಿ.

ಹೃದಯದ್ದಾದರೆ ಮೂಗಿನ ಸದ್ದು ಇಲ್ಲದೆಯೂ ಇಲಿ ಏದುಸಿರು ಬಿಡುತ್ತದೆ. ಬೇಗ ಸುಸ್ತಾಗುತ್ತದೆ. ಪಾದ, ಬಾಲ ತಣ್ಣಗೆ, ಬಿಳಚಿಕೊಂಡು ಅಥವಾ ನೀಲಿಯಾಗಿ ಕಾಣುತ್ತವೆ. ಆಂಟಿಬಯಾಟಿಕ್ ಕೊಟ್ಟರೂ ಚೇತರಿಕೆ ಕಾಣದಿದ್ದರೆ ನನಗೆ ಮೊದಲು ಹೃದಯದ ಮೇಲೇ ಅನುಮಾನ. ಎರಡೂ ಒಟ್ಟಿಗೆ ಇರುವುದೂ ಉಂಟು, ಹಾಗಾಗಿ ಎದೆಯ ಎಕ್ಸ್‌ರೇ ತೆಗೆಸಿ. ಹತ್ತಿರದಲ್ಲಿ ಇಲಿ ನೋಡುವವರು ಸಿಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮರದ ಮಿಲ್ಲಿನ ಹೊಟ್ಟು ಹಾಸುತ್ತಿದ್ದರೆ ಇವತ್ತೇ ತೆಗೆಯಿರಿ, ಹಳೇ ಬಟ್ಟೆ ಹಾಸಿ. ಮೂತ್ರದ ಘಾಟೂ ಶ್ವಾಸಕೋಶ ಕೆಡಿಸುತ್ತದೆ. ಇಲಿ ಬಾಯಿ ತೆರೆದು ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಹೊರಡಿ.