ಚಿತ್ರಕಲೆಯಲ್ಲಿ ನನ್ನದೇ ಶೈಲಿ ಕಂಡುಕೊಳ್ಳುವುದು ಹೇಗೆ?

ಶೈಲಿಯನ್ನೇ ಹುಡುಕಿಕೊಂಡು ಹೋದರೆ ಅದು ಸಿಗುವುದು ಕಷ್ಟ. ನಿಮಗೆ ಯಾವುದರ ಹುಚ್ಚು ಜಾಸ್ತಿಯೋ ಅದರ ಬೆನ್ನು ಹತ್ತಿ.

1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರನ್ನೇ ನೋಡಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರಗಳಿಂದಲೂ ಕಲಿತರು. ಲಯ ಎಂದರೇನು ಎಂದು ತಿಳಿಯಲು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು! ಚಿತ್ರಗಾರರೊಬ್ಬರು ಇಷ್ಟು ದೂರ ಹೋಗುವುದು ಸುಮ್ನೆ ಮಾತಲ್ಲ, ಅಲ್ವಾ? ಅವರ ರೇಖಾಚಿತ್ರಗಳಲ್ಲಿ ನಾಲ್ಕಾರು ಗೆರೆಗಳಲ್ಲೇ ನರ್ತಕಿ ತಿರುಗುತ್ತಾಳೆ. ಸಹಿ ನೋಡದೆಯೇ ಅದು ಹೆಬ್ಬಾರರದ್ದು ಅನ್ನಬಹುದು.

ನೀವು ಇಷ್ಟದ ಮೂರು ಚಿತ್ರಗಳನ್ನು ನಕಲು ಮಾಡಿ. ಹಿಡಿಸಿದ್ದು ಬಣ್ಣವೋ, ಗೆರೆಯೋ, ಖಾಲಿ ಜಾಗವೋ ಗಮನಿಸಿ. ಆಮೇಲೆ ಅವನ್ನು ಮುಚ್ಚಿಟ್ಟು, ನಿಮ್ಮ ಬೀದಿಯಲ್ಲಿ ಹೂ ಕಟ್ಟುವವರ ಕೈಗಳನ್ನು ತಿಂಗಳು ಪೂರ್ತಿ ದಿನಾ ಬರೆಯಿರಿ.