ಅಂಗಡಿಯ ಯಜಮಾನನನ್ನು ಎಲ್ಲಿ ಬಿಟ್ಟಿರಿ?

ಪ್ರಿಯರೇ,

ಮಂಡ್ಯದಿಂದ ನೀವು ಕಳುಹಿಸಿದ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಎಂಬ ಅಮೆರಿಕನ್ ಚಲನಚಿತ್ರದ ಕುರಿತ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಬರೆದುಕೊಟ್ಟರೆ ಖಂಡಿತ ಬೇಕು, ಅದಕ್ಕೇ ಈ ಪತ್ರ.

ಅರ್ಧ ಲೇಖನ ಖರ್ಚುವೆಚ್ಚದ ಮಾತಿನಲ್ಲೇ ಕಳೆದುಹೋಗಿದೆ. 1960ರ ಈ ಕಪ್ಪು-ಬಿಳುಪು ಚಿತ್ರದ ಮುಖ್ಯ ಭಾಗವನ್ನು ನಿರ್ದೇಶಕ ರೋಜರ್ ಕಾರ್ಮನ್ ಎರಡೇ ದಿನಗಳಲ್ಲಿ, ಬೇರೊಂದು ಚಿತ್ರಕ್ಕೆ ಹಾಕಿದ್ದ ಸೆಟ್‌ನಲ್ಲಿ ತೆಗೆದರು ಎಂಬುದು ನಿಜ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ. ಅಗ್ಗದಲ್ಲಿ, ಆತುರದಲ್ಲಿ ತೆಗೆದ ಎಷ್ಟೋ ಚಿತ್ರಗಳನ್ನು ಜನ ಮರೆತರು. ಇದನ್ನೇಕೆ ಮರೆಯಲಿಲ್ಲ? ‘ಹಾಸ್ಯ ಮತ್ತು ಭಯದ ಅದ್ಭುತ ಮಿಶ್ರಣ’ ಎಂದು ನೀವು ಬರೆದದ್ದು ಉತ್ತರವಲ್ಲ.

ಮಿಶ್ರಣವಾಗುವ ಜಾಗವನ್ನು ತೋರಿಸಿ. ಹೂವಿನ ಅಂಗಡಿಯ ಹುಡುಗ ಸೀಮೋರ್ ಬೆಳೆಸಿದ ಗಿಡಕ್ಕೆ ಮೊದಲು ರಕ್ತ ಬೇಕು, ಆಮೇಲೆ ಹೆಣ. ಅವನು ಅದಕ್ಕೆ ತಿನ್ನಿಸುವುದನ್ನು ಯಜಮಾನ ಮುಶ್ನಿಕ್ ರಾತ್ರಿ ಕಣ್ಣಾರೆ ಕಾಣುತ್ತಾನೆ. ಪೊಲೀಸರಿಗೆ ಹೇಳಲೇಬೇಕು ಎಂದುಕೊಳ್ಳುತ್ತಾನೆ. ಬೆಳಗಾದರೆ ಅಂಗಡಿಯ ಮುಂದೆ ಗಿರಾಕಿಗಳ ಸಾಲು. ಅವನ ಬಾಯಿ ಕಟ್ಟುತ್ತದೆ. ನಗು ಉಕ್ಕುವುದು ಅಲ್ಲಿ, ಹೆದರಿಕೆ ಹುಟ್ಟುವುದೂ ಅಲ್ಲೇ. ಮಾತನಾಡುವ ಆ ಗಿಡ ಗೊಂಬೆಯೆಂದು ಮಗುವಿಗೂ ತಿಳಿಯುತ್ತದೆ. ಆದರೆ ಗಲ್ಲಾಪೆಟ್ಟಿಗೆ ನೋಡಿ ಸುಮ್ಮನಾಗುವ ಸಭ್ಯ ವ್ಯಾಪಾರಿಯನ್ನು ನಾವೆಲ್ಲ ಬಲ್ಲೆವು. ಆತನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ!

ನನಗೆ ಬಹಳ ಹಿಡಿಸಿದ್ದು ನೀವು ಆವರಣದಲ್ಲಿ ತುರುಕಿದ ಮಾತು: ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದೇ ಅಂಗಡಿಯ ಮುಂದೆ ಮದುವೆಯ ಹಾರಕ್ಕೂ ಹೆಣದ ಹಾರಕ್ಕೂ ಚೌಕಾಸಿ ನಡೆಯುತ್ತಿದ್ದುದನ್ನು ಕಂಡಿದ್ದೀರಿ. ಚಿತ್ರದಲ್ಲಿಯೂ ಬಂಧುಗಳು ಒಬ್ಬರಾದ ಮೇಲೊಬ್ಬರು ತೀರಿಕೊಂಡರೆಂದು ಹೂ ಕೊಳ್ಳಲು ಬರುವ ಹೆಂಗಸಿದ್ದಾಳೆ. ಅವಳನ್ನೂ ಆ ಅಂಗಡಿಯನ್ನೂ ಎದುರುಬದುರು ನಿಲ್ಲಿಸಿ. ಆವರಣ ಚಿಹ್ನೆ ತೆಗೆದು ಅದನ್ನೇ ಒಂದು ಪುಟ ಬೆಳೆಸಿ. ನೀವು ಮಾತ್ರ ಬರೆಯಬಲ್ಲ ಭಾಗ ಅದು.

ತಪ್ಪುಗಳೂ ಇವೆ. ಜ್ಯಾಕ್ ನಿಕಲ್ಸನ್ ಇದರ ನಾಯಕರಲ್ಲ. ನೋವನ್ನು ಚಪ್ಪರಿಸಿ ಸವಿಯುವ ಹಲ್ಲಿನ ರೋಗಿಯಾಗಿ ಸ್ವಲ್ಪ ಹೊತ್ತು ಬಂದುಹೋಗುತ್ತಾರೆ. ಅವರು ಹೆಸರಾದ ಮೇಲೆ ವಿಡಿಯೊ ಕ್ಯಾಸೆಟ್ಟಿನ ಹೊದಿಕೆಗಳಲ್ಲಿ ಅವರ ಮುಖ ದೊಡ್ಡದಾಯಿತು, ಅಷ್ಟೇ. ನಾಯಕ ಜೊನಾಥನ್ ಹೇಝ್. ಗಿಡ ಬಾಹ್ಯಾಕಾಶದಿಂದ ಬರುವುದು 1982ರ ಸಂಗೀತ ನಾಟಕ ಮತ್ತು ಅದನ್ನಾಧರಿಸಿದ 1986ರ ಚಿತ್ರದಲ್ಲಿ, ಇದರಲ್ಲಲ್ಲ. ಮೂಲ ಚಿತ್ರವನ್ನು ದಯವಿಟ್ಟು ಪೂರ್ತಿ ನೋಡಿ. ಒಂದೂಕಾಲು ಗಂಟೆಯೂ ಹಿಡಿಯುವುದಿಲ್ಲ.

ಹೊಸ ಪ್ರತಿಯನ್ನು ಮುಶ್ನಿಕ್‌ನಿಂದಲೇ ಆರಂಭಿಸಿ, ಎಂಟುನೂರು ಪದಗಳೊಳಗೆ ಮುಗಿಸಿ ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ, ಮೈಸೂರು